ಕೊನೆಗೆ ಬಂದ ದನಿ ಮೊದಲು ಹೊರಡಲಿ

ಕಳೆದ ವರ್ಷ, ಏಳನೇ ಸೆಮಿಸ್ಟರ್ ಮುಗಿದ ಮೇಲೆ, ಒಂದು ಉದ್ಯೋಗ ಮೇಳಕ್ಕೆ ಹೋಗಿದ್ದೆ. ತಗಡಿನ ಮಾಡು, ನುಣ್ಣನೆಯ ನೆಲ, ನಾಲ್ಕೂ ಕಡೆ ಬೋಳು ಗೋಡೆ ಇದ್ದ ದೊಡ್ಡ ಒಳಾಂಗಣ ಕ್ರೀಡಾಂಗಣ. ಮೂಲೆ ಮೂಲೆಗೂ ಸ್ಪೀಕರ್. ಒಬ್ಬರು ಮೈಕ್ ಹಿಡಿದು ಇಂಟರ್‌ವ್ಯೂಗೆ ಹೆಸರು ಕೂಗುತ್ತಿದ್ದರು. ಅವರು ಕೂಗಿದ್ದು ಹೆಸರು, ನಮ್ಮ ಕಿವಿಗೆ ಬಿದ್ದದ್ದು ಬರೀ ಗಡಗಡ ಸದ್ದು. ಒಂದು ಹೆಸರಿನ ಬಾಲ ಮುಗಿಯುವ ಮೊದಲೇ ಇನ್ನೊಂದರ ತಲೆ ಅದರ ಮೇಲೆ ಬೀಳುತ್ತಿತ್ತು. "ಕೇಳಿಸ್ತಿಲ್ಲ ಸಾರ್" ಎಂದು ಯಾರೋ ಕಿರುಚಿದರು. ವಾಲ್ಯೂಮ್ ಏರಿಸಿದರು. ಸದ್ದು ಜೋರಾಯಿತು, ಮಾತು ಇನ್ನಷ್ಟು ಕಲಸಿಹೋಯಿತು.

ಊಟದ ಹೊತ್ತಿಗೆ ಎದ್ದು ಹೋಗಿ ವಿಚಾರಿಸಿದೆ. "ಮೂರು ಸಲ ಕರೆದ್ವಲ್ಲಮ್ಮ, ಎಲ್ಲಿ ಹೋಗಿದ್ರಿ?" ಎಂದರು. ನಾನು ಎಲ್ಲಿಗೂ ಹೋಗಿರಲಿಲ್ಲ. ಇಪ್ಪತ್ತು ಹೆಜ್ಜೆ ದೂರದ ಕುರ್ಚಿಯಲ್ಲಿ ಫೈಲ್ ಹಿಡಿದು ಕೂತೇ ಇದ್ದೆ.

ವಾಪಸ್ ಬರುವ ಬಸ್ಸಿನಲ್ಲಿ ಸಿಟ್ಟು, ಅಳು ಎರಡೂ ಬಂತು. ಜೊತೆಗೆ, ಎಲೆಕ್ಟ್ರಾನಿಕ್ಸ್ ಓದುವವಳಲ್ಲವೇ, ಒಂದು ಪ್ರಶ್ನೆಯೂ ತಲೆಯಲ್ಲಿ ಕೂತಿತು. ಸದ್ದು ಬೇಕಾದಷ್ಟಿತ್ತು, ಮಾತು ಯಾಕೆ ಕಾಣೆಯಾಯಿತು? ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟ್‌ಗೆ ವಿಷಯ ಹುಡುಕುವಾಗ ಆ ಪ್ರಶ್ನೆಗೆ ಉತ್ತರ ಸಿಕ್ಕಿತು. ಸಿಕ್ಕಿದ್ದು ಸಮುದ್ರದೊಳಗೆ.

ಅಪ್ಪನ ಪರದೆಯ ಎರಡು ಗೆರೆ

ನಮ್ಮದು ಹೊನ್ನಾವರದ ಕಡೆ. ಅಪ್ಪ ಮೀನುಗಾರಿಕೆ ಬೋಟಿನಲ್ಲಿ ತಾಂಡೇಲ. ಬೋಟಿನಲ್ಲಿ ಫಿಶ್ ಫೈಂಡರ್ ಇದೆ. ಅದು ಬೋಟಿನ ತಳದಿಂದ ಕೆಳಕ್ಕೆ ಸದ್ದು ಬಿಡುತ್ತದೆ. ತಿರುಗಿ ಬರುವ ಪ್ರತಿಧ್ವನಿ ನೋಡಿ ಸಮುದ್ರದ ನೆಲ ಎಲ್ಲಿದೆ, ಮೀನಿನ ಹಿಂಡು ಎಲ್ಲಿದೆ ಎಂದು ಪರದೆ ಮೇಲೆ ತೋರಿಸುತ್ತದೆ. ಚಿಕ್ಕವಳಿದ್ದಾಗ ಒಮ್ಮೆ ಅದನ್ನು ನೋಡುತ್ತಾ ಕೂತಿದ್ದೆ. ದಡ ಹತ್ತಿರವಾಗುತ್ತಿದ್ದಂತೆ ನೆಲದ ಗೆರೆಯ ಕೆಳಗೆ, ಸರಿಯಾಗಿ ಎರಡು ಪಟ್ಟು ಆಳದಲ್ಲಿ, ಇನ್ನೊಂದು ಮಸುಕು ಗೆರೆ ಮೂಡಿತು. "ಇದೆಂತ ಅಪ್ಪ?" ಎಂದು ಕೇಳಿದೆ. "ಅದು ಎಂತದೂ ಅಲ್ಲ ಮಗಾ, ನೆಲದ ನೆರಳು" ಅಂದಿದ್ದ.

ಅದು ಏನೆಂದು ತಿಳಿಯಲು ನನಗೆ ಇಂಜಿನಿಯರಿಂಗ್ ಕೊನೆಯ ವರ್ಷದವರೆಗೆ ಬೇಕಾಯಿತು. ನೆಲಕ್ಕೆ ಬಡಿದು ಮೇಲೆ ಬಂದ ಸದ್ದು ನೀರಿನ ಮೇಲ್ಮೈಗೂ ಬಡಿದು, ಮತ್ತೆ ಕೆಳಗೆ ಹೋಗಿ, ಎರಡನೇ ಸಲ ತಿರುಗಿ ಬಂದಿತ್ತು. ನೀರೊಳಗಿನ ಸದ್ದಿಗೆ ಸಮುದ್ರದ ಮೇಲ್ಮೈ ಒಂದು ಕನ್ನಡಿ, ಕೆಳಗಿನ ನೆಲ ಇನ್ನೊಂದು ಕನ್ನಡಿ.

ನೀರೊಳಗೆ ಮಾತಾಡಲು ಸದ್ದೇ ಯಾಕೆ ಬೇಕು? ನಮ್ಮ ಮೊಬೈಲ್‌ನ ರೇಡಿಯೊ ಅಲೆ ಉಪ್ಪು ನೀರಿಗೆ ಬಿದ್ದ ಕೂಡಲೇ ಸತ್ತುಹೋಗುತ್ತದೆ. ಬೆಳಕು ತಿಳಿನೀರಿನಲ್ಲೂ ಬಹಳ ದೂರ ಹೋಗದು. ಸದ್ದು ಮಾತ್ರ ಕಿಲೋಮೀಟರುಗಟ್ಟಲೆ ಹೋಗುತ್ತದೆ. 1826ರಲ್ಲಿ ಕೊಲಾಡಾನ್ ಮತ್ತು ಸ್ಟರ್ಮ್ ಎಂಬಿಬ್ಬರು ಜಿನೀವಾ ಸರೋವರದಲ್ಲಿ ನೀರೊಳಗೆ ಗಂಟೆ ಬಾರಿಸಿ, ಅದೇ ಕ್ಷಣಕ್ಕೆ ಮದ್ದು ಸುಟ್ಟು ಬೆಳಕು ತೋರಿಸಿ, ಸದ್ದಿನ ವೇಗ ಅಳೆದಿದ್ದರು. ಅವರಿಗೆ ಸಿಕ್ಕಿದ್ದು ಸೆಕೆಂಡಿಗೆ 1,435 ಮೀಟರ್. ಸಮುದ್ರದಲ್ಲಿ ಅದು ಸುಮಾರು 1,500 ಮೀಟರ್, ಅಂದರೆ ಗಾಳಿಯಲ್ಲಿರುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು.

ಒಂದು 'ಟಕ್', ಉದ್ದದ ಬಾಲ

ಆಳ ಸಮುದ್ರದಲ್ಲಿ ಸದ್ದಿಗೆ ಓಡಾಡಲು ಜಾಗವಿದೆ. ದಡದ ಈಚೆ, 100-200 ಮೀಟರ್ ಆಳದ ಸಮುದ್ರದಲ್ಲಿ ಹಾಗಲ್ಲ. ಅಲ್ಲಿ ಕಿಲೋಮೀಟರುಗಟ್ಟಲೆ ಹೋಗಬೇಕಾದ ಸದ್ದು ಮೇಲ್ಮೈಗೂ ನೆಲಕ್ಕೂ ಬಡಿಯುತ್ತಲೇ ಸಾಗಬೇಕು. ನೆಟ್ಟಗೆ ಹೋದ ಸದ್ದು ಮೊದಲು ತಲುಪುತ್ತದೆ. ಒಮ್ಮೆ ಬಡಿದದ್ದು ತುಸು ತಡ, ಹತ್ತು ಸಲ ಬಡಿದದ್ದು ಇನ್ನೂ ತಡ.

ಒಂದು ಸಣ್ಣ ಲೆಕ್ಕ ಮಾಡೋಣ. ಆಳ 125 ಮೀಟರ್, ದೂರ 6.3 ಕಿಲೋಮೀಟರ್ ಎಂದುಕೊಳ್ಳಿ. ನೆಟ್ಟಗಿನ ದಾರಿಗೆ 4.2 ಸೆಕೆಂಡ್ ಸಾಕು. ಅದೇ ಸದ್ದು ಮೇಲೆ ಕೆಳಗೆ ಹತ್ತು ಸಲ ದಾಟಿದರೆ, ಒಟ್ಟು 1,250 ಮೀಟರ್ ಏರಿಳಿದಂತಾಯಿತು. ಹೈಸ್ಕೂಲಿನ ಪೈಥಾಗೊರಸ್ ಪ್ರಮೇಯ ಹಾಕಿ ನೋಡಿದರೆ ದಾರಿ ಸುಮಾರು 123 ಮೀಟರ್ ಉದ್ದವಾಗುತ್ತದೆ. ತಡ ಸುಮಾರು 82 ಮಿಲಿಸೆಕೆಂಡ್.

ಇಷ್ಟೇ ತಾನೇ ಅನ್ನಿಸಬಹುದು. ಆದರೆ ಡಿಜಿಟಲ್ ಸಂದೇಶ ಕಳಿಸುವಾಗ ಒಂದೊಂದು ಬಿಟ್‌ಗೆ ಒಂದು ಮಿಲಿಸೆಕೆಂಡ್ ಕೊಟ್ಟಿದ್ದೇವೆ ಎಂದುಕೊಳ್ಳಿ. ಮೊದಲ ಬಿಟ್‌ನ ಕೊನೆಯ ಪ್ರತಿಧ್ವನಿ ಬಂದು ಮುಟ್ಟುವಷ್ಟರಲ್ಲಿ ಅದರ ಹಿಂದಿನ ಎಂಬತ್ತಕ್ಕೂ ಹೆಚ್ಚು ಬಿಟ್‌ಗಳು ಬಂದು ಅದೇ ಗುಂಪಿನಲ್ಲಿ ಸೇರಿರುತ್ತವೆ. ಉದ್ಯೋಗ ಮೇಳದ ಗಡಗಡ ಇದೇ. ಇಲ್ಲಿ ವಾಲ್ಯೂಮ್ ಏರಿಸಿ ಪ್ರಯೋಜನವಿಲ್ಲ. ಮಾತಿನ ಜೊತೆಗೆ ಅದರ ಪ್ರತಿಧ್ವನಿಯೂ ಅಷ್ಟೇ ಏರುತ್ತದೆ.

ಮದುವೆಗೆ ಬರುವ ನೆಂಟರು

ಒಂದು ಸ್ಪೀಕರ್‌ನಿಂದ ಆಗದ್ದನ್ನು ಹಲವು ಸ್ಪೀಕರ್‌ಗಳ ಸಾಲು ಮಾಡಬಲ್ಲದು. ಇದಕ್ಕೆ ಆ್ಯಂಟೆನಾ ಅರೇ ಎನ್ನುತ್ತಾರೆ. ನೀರೊಳಗೆ ಒಂದೇ ಹಗ್ಗಕ್ಕೆ ಮೇಲಿನಿಂದ ಕೆಳಗಿನವರೆಗೆ ಹಲವು ಟ್ರಾನ್ಸ್‌ಡ್ಯೂಸರ್ ಕಟ್ಟಿ ಇಳಿಬಿಟ್ಟರೆ ಅದೇ ಅರೇ. ಪ್ರತಿಯೊಂದೂ ಸ್ವಲ್ಪ ಹಿಂದೆ ಮುಂದೆ ಸದ್ದು ಹೊರಡಿಸಿ, ಎಲ್ಲ ಸದ್ದೂ ಬೇಕಾದ ಜಾಗಕ್ಕೆ ಒಂದೇ ಕ್ಷಣಕ್ಕೆ ತಲುಪುವಂತೆ ಮಾಡಿದರೆ, ಅಲ್ಲಿ ಅಲೆ ಮೇಲೆ ಅಲೆ ಕೂಡಿ ಸದ್ದು ಎದ್ದು ನಿಲ್ಲುತ್ತದೆ. ಬೇರೆಡೆ ಚದುರಿಹೋಗುತ್ತದೆ. ಇದೇ ಸದ್ದನ್ನು ಒಂದೆಡೆ ಕೇಂದ್ರೀಕರಿಸುವುದು, ಅಂದರೆ ಫೋಕಸ್.

ಮದುವೆ ಮುಹೂರ್ತಕ್ಕೆ ನೆಂಟರೆಲ್ಲ ಒಂದೇ ಹೊತ್ತಿಗೆ ಬರಬೇಕು ಎಂದಿದ್ದರೆ ಏನು ಮಾಡುತ್ತೇವೆ? ಬೀದರ್‌ನವರು ಹಿಂದಿನ ದಿನವೇ ಹೊರಡಬೇಕು, ಪಕ್ಕದ ಬೀದಿಯವರು ಕೊನೆಗೆ ಹೊರಟರೂ ಸಾಕು. ಆದರೆ ಅದಕ್ಕೆ ಯಾವ ದಾರಿಗೆ ಎಷ್ಟು ಹೊತ್ತು ಎಂದು ಮೊದಲೇ ಗೊತ್ತಿರಬೇಕು. ಆಳವಿಲ್ಲದ ಸಮುದ್ರದಲ್ಲಿ ತೊಡಕು ಇಲ್ಲೇ. ನೆಲ ಎಲ್ಲಿ ಕೆಸರು, ಎಲ್ಲಿ ಮರಳು, ಎಷ್ಟು ಇಳಿಜಾರು, ಯಾವ ಆಳದಲ್ಲಿ ನೀರು ಎಷ್ಟು ಬೆಚ್ಚಗಿದೆ, ಇವೆಲ್ಲ ಸದ್ದಿನ ದಾರಿಯನ್ನು ಬದಲಿಸುತ್ತವೆ. ಅಷ್ಟನ್ನೂ ಅಳೆದು ಲೆಕ್ಕ ಹಾಕುವುದು ಸುಲಭವಲ್ಲ.

ಹಾಗಾದರೆ ಲೆಕ್ಕವನ್ನೇ ಬಿಟ್ಟರೆ? ಮದುವೆ ಮುಗಿದು ನೆಂಟರೆಲ್ಲ ಒಂದೇ ಕ್ಷಣಕ್ಕೆ ಛತ್ರದಿಂದ ಹೊರಟರು ಎಂದುಕೊಳ್ಳಿ. ಯಾರು ಯಾವಾಗ ಮನೆ ಮುಟ್ಟಿದರು ಎಂದು ಬರೆದಿಟ್ಟುಕೊಳ್ಳಿ. ಮುಂದಿನ ಸಲ ಆ ಪಟ್ಟಿಯನ್ನು ತಿರುಗಿಸಿ. ಕೊನೆಗೆ ಮನೆ ಮುಟ್ಟಿದವರು ಮೊದಲು ಹೊರಡಲಿ, ಮೊದಲು ಮುಟ್ಟಿದವರು ಕೊನೆಗೆ ಹೊರಡಲಿ. ಎಲ್ಲರೂ ಬಂದ ದಾರಿಯಲ್ಲೇ ಹೋದರೆ ಛತ್ರಕ್ಕೆ ಸೇರುವುದು ಒಂದೇ ಕ್ಷಣಕ್ಕೆ. ಮ್ಯಾಪ್ ಬೇಕಿಲ್ಲ, ದೂರ ಗೊತ್ತಿರಬೇಕಿಲ್ಲ.

ನೀರೊಳಗೂ ಇದೇ ಉಪಾಯ. ಸದ್ದು ಸೇರಬೇಕಾದ ಜಾಗದಿಂದ ಮೊದಲು ಒಂದು ಸಣ್ಣ ಸದ್ದು ಬಿಡುತ್ತಾರೆ. ಅದು ಬಡಿದು, ಚದುರಿ, ಬಾಲ ಬೆಳೆಸಿಕೊಂಡು ಅರೇಗೆ ಬಂದು ಮುಟ್ಟುತ್ತದೆ. ಪ್ರತಿ ಟ್ರಾನ್ಸ್‌ಡ್ಯೂಸರ್ ತನಗೆ ಕೇಳಿಸಿದ್ದನ್ನು ಬಾಲಸಮೇತ ರೆಕಾರ್ಡ್ ಮಾಡುತ್ತದೆ. ಆಮೇಲೆ ರೆಕಾರ್ಡನ್ನು ಹಿಂದುಮುಂದಾಗಿ ತಿರುಗಿಸಿ ನೀರಿಗೆ ಬಿಡುತ್ತದೆ. ಕೊನೆಗೆ ಬಂದ ಪ್ರತಿಧ್ವನಿ ಮೊದಲು ಹೊರಡುತ್ತದೆ. ಎಲ್ಲವೂ ಹಳೆಯ ದಾರಿಯಲ್ಲೇ ವಾಪಸ್ ಹೋಗಿ ಮೂಲ ಜಾಗದಲ್ಲಿ ಒಟ್ಟಾಗುತ್ತವೆ. ಅಲೆಯ ಸಮೀಕರಣದಲ್ಲಿ ಕಾಲದ ಚಿಹ್ನೆ ಪ್ಲಸ್ ಇದ್ದದ್ದನ್ನು ಮೈನಸ್ ಮಾಡಿದರೂ ಸಮೀಕರಣ ಬದಲಾಗುವುದಿಲ್ಲ. ಎರಡನೇ ವರ್ಷದಲ್ಲಿ ನಾವೆಲ್ಲ ಬಾಯಿಪಾಠ ಮಾಡಿ ಮರೆತ ಆ ಸಮೀಕರಣವೇ ಇದಕ್ಕೆ ಆಧಾರ. ಈ ವ್ಯವಸ್ಥೆಗೆ ಟೈಮ್ ರಿವರ್ಸಲ್ ಮಿರರ್, ಅಂದರೆ ಕಾಲ ತಿರುಗಿಸುವ ಕನ್ನಡಿ ಎಂದು ಹೆಸರು.

ಇಟಲಿಯ ದ್ವೀಪದ ಬಳಿ

ಇದು ಬರೀ ಕಾಗದದ ಮಾತಲ್ಲ. ಪ್ಯಾರಿಸ್‌ನ ಮಥಿಯಾಸ್ ಫಿಂಕ್ ತಂಡ ಪ್ರಯೋಗಾಲಯದಲ್ಲಿ ಅಲ್ಟ್ರಾಸೌಂಡ್ ಬಳಸಿ ಇದನ್ನು ಬೆಳೆಸಿತು. ಸಮುದ್ರದಲ್ಲಿ ಮಾಡಿ ತೋರಿಸಿದ್ದು ಅಮೆರಿಕದ ಸ್ಕ್ರಿಪ್ಸ್ ಸಮುದ್ರವಿಜ್ಞಾನ ಸಂಸ್ಥೆಯ ವಿಲಿಯಂ ಕೂಪರ್‌ಮನ್ ಮತ್ತು ಜೊತೆಗಾರರು. ಇಟಲಿಯ ಲಾ ಸ್ಪೆಝಿಯಾದಲ್ಲಿರುವ ನ್ಯಾಟೊ ಸಂಶೋಧನಾ ಕೇಂದ್ರ ಅವರ ಜೊತೆಗಿತ್ತು.

1996ರಲ್ಲಿ ಇಟಲಿಯ ಪಶ್ಚಿಮ ಕರಾವಳಿಯ ಗ್ರೊಸೆಟೊ ಬಳಿಯ ಸಣ್ಣ ದ್ವೀಪವೊಂದರ ಹತ್ತಿರ, ಸುಮಾರು 125 ಮೀಟರ್ ಆಳದ ನೀರಿನಲ್ಲಿ, 20 ಟ್ರಾನ್ಸ್‌ಡ್ಯೂಸರ್‌ಗಳ 77 ಮೀಟರ್ ಉದ್ದದ ಅರೇ ಇಳಿಬಿಟ್ಟರು. 6.3 ಕಿಲೋಮೀಟರ್ ದೂರದಿಂದ ಸುಮಾರು 450 ಹರ್ಟ್ಜ್‌ನ ಒಂದು ಸಣ್ಣ ಸದ್ದು ಹೊರಡಿಸಿದರು. ಮೇಲಿನ ಲೆಕ್ಕಕ್ಕೆ ನಾನು ಆ ಅಂಕಿಗಳನ್ನು ಎತ್ತಿಕೊಂಡದ್ದು ಇಲ್ಲಿಂದಲೇ. ಅರೇ ಅದನ್ನು ಕೇಳಿಸಿಕೊಂಡು, ತಿರುಗಿಸಿ, ವಾಪಸ್ ಕಳಿಸಿತು. ಆ ತುದಿಯಲ್ಲಿ 46 ಹೈಡ್ರೊಫೋನ್‌ಗಳ, ಅಂದರೆ ನೀರೊಳಗಿನ ಮೈಕ್‌ಗಳ, ಇನ್ನೊಂದು ಉದ್ದ ಸಾಲು ಕಾದಿತ್ತು. ಸದ್ದು ಮೂಲ ಹೊರಟ ಆಳದ ಸುತ್ತಲೇ ಒಟ್ಟುಗೂಡಿತು. ಉದ್ದಕ್ಕೆ ಹಿಗ್ಗಿದ್ದ ಬಾಲ ಮತ್ತೆ ಮೊಟಕಾಯಿತು. ಮೇಲೂ ಕೆಳಗೂ ಇದ್ದ ಹೈಡ್ರೊಫೋನ್‌ಗಳಿಗೆ ಕೇಳಿಸಿದ್ದು ಚದುರಿದ ಸದ್ದು ಮಾತ್ರ. ಮರುವರ್ಷ ಇದೇ ತಂಡ 30 ಕಿಲೋಮೀಟರ್ ದೂರಕ್ಕೂ ಇದನ್ನು ಮಾಡಿ ತೋರಿಸಿತು.

ಗೋಡೆಯೇ ಗೆಳೆಯ

ನನ್ನನ್ನು ಹಿಡಿದು ಕೂರಿಸಿದ ಭಾಗ ಮುಂದಿನದು. ಸಮುದ್ರದ ಮೇಲ್ಮೈ, ನೆಲ ಎರಡೂ ಇಲ್ಲದಿದ್ದರೆ ಫೋಕಸ್ ಇನ್ನೂ ಚೆನ್ನಾಗಿರುತ್ತಿತ್ತು ಎಂದು ನಾನು ಅಂದುಕೊಂಡಿದ್ದೆ. ನಿಜ ತಿರುವುಮುರುವು. ಕ್ಷೌರದಂಗಡಿಯಲ್ಲಿ ಎದುರುಬದುರು ಕನ್ನಡಿ ಇಟ್ಟಿರುತ್ತಾರಲ್ಲ, ಒಬ್ಬ ಕೂತರೆ ಸಾಲಾಗಿ ಹತ್ತು ಜನ ಕಾಣುತ್ತಾರೆ. ಹಾಗೆಯೇ ಮೇಲ್ಮೈ ಮತ್ತು ನೆಲದ ಕನ್ನಡಿಗಳ ನಡುವೆ 77 ಮೀಟರ್‌ನ ಅರೇ, ದೂರದಿಂದ ನೋಡುವ ಸದ್ದಿಗೆ, ಒಂದರ ಮೇಲೊಂದು ಪೇರಿಸಿದ ಎತ್ತರದ ಗೋಪುರದಂತೆ ಕಾಣುತ್ತದೆ. ಆ್ಯಂಟೆನಾ ಉದ್ದವಾದಷ್ಟೂ ಫೋಕಸ್ ಚೂಪು. ತೊಂದರೆ ಕೊಡುತ್ತಿದ್ದ ಪ್ರತಿಧ್ವನಿಗಳೇ ಪುಕ್ಕಟೆಯಾಗಿ ಆ್ಯಂಟೆನಾವನ್ನು ಉದ್ದ ಮಾಡಿಕೊಟ್ಟವು.

ಫಿಂಕ್ ತಂಡ ಇದನ್ನು ಇನ್ನೊಂದು ರೀತಿಯಲ್ಲಿ ತೋರಿಸಿತ್ತು. ನೀರಿನ ತೊಟ್ಟಿಯಲ್ಲಿ ಸುಮಾರು 2,000 ಉಕ್ಕಿನ ಸರಳುಗಳ ಕಾಡನ್ನೇ ನೆಟ್ಟು, ಅದರ ಮೂಲಕ ಅಲ್ಟ್ರಾಸೌಂಡ್ ಹಾಯಿಸಿದರು. ಚದುರಿದ ಸದ್ದನ್ನು ತಿರುಗಿಸಿ ಕಳಿಸಿದಾಗ, ಸರಳುಗಳು ಇದ್ದಾಗ ಸಿಕ್ಕ ಫೋಕಸ್ ಬರೀ ನೀರಿನಲ್ಲಿ ಸಿಕ್ಕದ್ದಕ್ಕಿಂತ ಚೂಪಾಗಿತ್ತು.

ಕಾರಿಡಾರ್‌ನಲ್ಲಿ ಒಂದು ಸಂಜೆ

ಸಮುದ್ರಕ್ಕೆ ಅರೇ ಇಳಿಬಿಡುವಷ್ಟು ದುಡ್ಡು ನಮ್ಮಲ್ಲಿ ಎಲ್ಲಿಂದ ಬರಬೇಕು? ಆದರೆ ಒಂದು ಸಂಗತಿ ಧೈರ್ಯ ಕೊಟ್ಟಿತು. 1960ರ ದಶಕದಲ್ಲೇ ಪಾರ್ವುಲೆಸ್ಕು ಮತ್ತು ಕ್ಲೇ ಎಂಬ ವಿಜ್ಞಾನಿಗಳು ಒಂದೇ ಮೂಲ, ಒಂದೇ ಹೈಡ್ರೊಫೋನ್ ಇಟ್ಟುಕೊಂಡು ಸಮುದ್ರದಲ್ಲಿ ಇಂಥದೇ ಪ್ರಯೋಗ ಮಾಡಿದ್ದರು. ಒಂದು ಸ್ಪೀಕರ್, ಒಂದು ಮೈಕ್ ಎಂದರೆ ನಮ್ಮ ಹತ್ತಿರವೂ ಇತ್ತು. ಜೊತೆಗೆ ಲ್ಯಾಪ್‌ಟಾಪ್ ಮತ್ತು ಉಚಿತವಾಗಿ ಸಿಗುವ ಆಡಾಸಿಟಿ, ಆಕ್ಟೇವ್ ಸಾಫ್ಟ್‌ವೇರ್.

ಕಾಲೇಜಿನ ಉದ್ದ ಕಾರಿಡಾರ್‌ನ ಒಂದು ತುದಿಯಲ್ಲಿ ಸ್ಪೀಕರ್, ಇನ್ನೊಂದು ತುದಿಯ ಸ್ಟೂಲ್ ಮೇಲೆ ಗೆಳತಿಯ ಫೋನ್. ಸ್ಪೀಕರ್‌ನಿಂದ ಒಂದು ಚಿಕ್ಕ 'ಟಕ್'. ಫೋನ್‌ನಲ್ಲಿ ಅದರ ರೆಕಾರ್ಡ್. ತಿರುಗಿಸಿ ಅದೇ ಸ್ಪೀಕರ್‌ನಿಂದ ಬಿಟ್ಟೆವು. ಏನೂ ಆಗಲಿಲ್ಲ. ಮೂರು ಸಂಜೆ ಹೀಗೇ ಕಳೆಯಿತು. ನಾಲ್ಕನೇ ಸಂಜೆ ರೆಕಾರ್ಡ್‌ನ ಗ್ರಾಫನ್ನು ದೊಡ್ಡದು ಮಾಡಿ ನೋಡಿದಾಗ ಗೊತ್ತಾಯಿತು, ಅದರಲ್ಲಿ ಬಾಲವೇ ಇಲ್ಲ! ಗದ್ದಲ ತೆಗೆದುಹಾಕುವ ಸೌಲಭ್ಯ ಫೋನಿನಲ್ಲಿ ತಾನಾಗಿ ಆನ್ ಆಗಿತ್ತು. ಅದು ಪ್ರತಿಧ್ವನಿಯನ್ನು ಕಸ ಎಂದುಕೊಂಡು ನೀಟಾಗಿ ಅಳಿಸಿಹಾಕುತ್ತಿತ್ತು. ನಮಗೆ ಬೇಕಿದ್ದದ್ದೇ ಆ ಕಸ.

ಅದನ್ನು ಆಫ್ ಮಾಡಿ ಮತ್ತೆ ಮಾಡಿದೆವು. ಸ್ಪೀಕರ್‌ನಿಂದ 'ಸುಂಯ್' ಎಂದು ಏರುತ್ತಾ ಹೋಗುವ ವಿಚಿತ್ರ ಸದ್ದು. ಫೋನ್ ಇದ್ದಲ್ಲಿ ಕಿವಿ ಇಟ್ಟವಳಿಗೆ ಮಾತ್ರ ನಡುವೆ ಒಂದು ಸ್ಪಷ್ಟ 'ಟಕ್'. ಗ್ರಾಫ್‌ನಲ್ಲಿ ಬೆಟ್ಟದಂಥ ಒಂದು ಶಿಖರ, ಎರಡೂ ಬದಿಗೆ ಸಣ್ಣ ದಿಬ್ಬಗಳು. ಫೋನನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದರೆ ಬೆಟ್ಟವೇ ಮಾಯ. ನಾವಿಬ್ಬರೂ ಕಿರುಚಿದ ಸದ್ದಿಗೆ ಅಟೆಂಡರ್ ಅಣ್ಣ ಓಡಿ ಬಂದಿದ್ದರು.

ಸಮುದ್ರ ಸುಮ್ಮನಿರುವುದಿಲ್ಲ

ಮರುದಿನ ಸರ್‌ಗೆ ತೋರಿಸಲು ಹಳೆಯ ರೆಕಾರ್ಡನ್ನೇ ಹಾಕಿದೆವು. ಶಿಖರ ಅರ್ಧಕ್ಕಿಂತ ಕೆಳಗೆ ಬಿದ್ದಿತ್ತು. ಕಾರಣ, ಒಂದು ಕ್ಲಾಸ್‌ರೂಮಿನ ಬಾಗಿಲು ಅಂದು ತೆರೆದಿತ್ತು. ದಾರಿ ಬದಲಾಗಿತ್ತು, ನಮ್ಮ ಪಟ್ಟಿ ಹಳೆಯದಾಗಿತ್ತು.

ಸಮುದ್ರದಲ್ಲೂ ಇದೇ ಸವಾಲು. ಅಲೆ ಏಳುತ್ತದೆ, ಉಬ್ಬರವಿಳಿತ ಬರುತ್ತದೆ, ಬೆಚ್ಚಗಿನ ನೀರಿನ ಪದರ ಮೇಲೆ ಕೆಳಗೆ ಸರಿಯುತ್ತದೆ. 1997ರ ಇಟಲಿ ಪ್ರಯೋಗದಲ್ಲಿ ಒಂದು ವಾರ ಹಳೆಯ ರೆಕಾರ್ಡ್ ಕೂಡ ಫೋಕಸ್ ಆಯಿತು ಎಂಬುದು ಅದಕ್ಕೇ ದೊಡ್ಡ ಸುದ್ದಿ. ಆದರೆ ಅಲ್ಲಿ ಬಳಸಿದ್ದು ಕಡಿಮೆ ಆವರ್ತನದ ಸದ್ದು. 450 ಹರ್ಟ್ಜ್ ಎಂದರೆ ನೀರಿನಲ್ಲಿ ಅಲೆಯುದ್ದ ಮೂರು ಮೀಟರಿಗೂ ಹೆಚ್ಚು. ಸಣ್ಣಪುಟ್ಟ ಬದಲಾವಣೆಯನ್ನು ಅದು ಲೆಕ್ಕಿಸುವುದಿಲ್ಲ. 3,500 ಹರ್ಟ್ಜ್‌ಗೆ ಏರಿದರೆ ಅಲೆಯುದ್ದ ಅರ್ಧ ಮೀಟರಿಗಿಂತ ಕಡಿಮೆ. ಆಗ ಸಣ್ಣ ಬದಲಾವಣೆಯೂ ಫೋಕಸ್ ಕೆಡಿಸುತ್ತದೆ, ಪದೇ ಪದೇ ಹೊಸದಾಗಿ ಕೇಳಿಸಿಕೊಳ್ಳಬೇಕು. ಇನ್ನೊಂದು ಮಿತಿಯೂ ಇದೆ. ಸದ್ದು ಸೇರಬೇಕಾದ ಜಾಗದಿಂದ ಮೊದಲು ಒಂದು ಸದ್ದು ಬರಲೇಬೇಕು. ಆ ತುದಿಯಲ್ಲಿ ಯಾರೂ ಇಲ್ಲದಿದ್ದರೆ ಪಟ್ಟಿ ಬರೆಯುವುದು ಹೇಗೆ?

ಯಾರಿಗೆ ಬೇಕು ಇದು?

ಇಂಟರ್‌ವ್ಯೂಗಳಲ್ಲಿ ಕೇಳುವ ಪ್ರಶ್ನೆ ಇದೇ, ಹಾಗಾಗಿ ಉತ್ತರ ತಯಾರಿಟ್ಟುಕೊಂಡಿದ್ದೇನೆ. ಮೊದಲನೆಯದು ನೀರೊಳಗಿನ ಸಂವಹನ. 1999ರಿಂದ ಮುಂದಿನ ಪ್ರಯೋಗಗಳಲ್ಲಿ ಸುಮಾರು 3,500 ಹರ್ಟ್ಜ್‌ನಲ್ಲಿ ಡಿಜಿಟಲ್ ಸಂದೇಶವನ್ನೂ ಹೀಗೆ ಕಳಿಸಿದ್ದಾರೆ. ಫೋಕಸ್ ಆದ ಜಾಗದಲ್ಲಿ ಬಿಟ್‌ಗಳು ಬಿಡಿಬಿಡಿಯಾಗಿ ಸಿಗುತ್ತವೆ, ಬೇರೆಡೆ ಕಲಸುಮೇಲೋಗರ. ವಾಪಸ್ ಸದ್ದು ಬಿಡದೆ, ಅರೇಗೆ ಬಂದದ್ದನ್ನೇ ಕಂಪ್ಯೂಟರ್‌ನಲ್ಲಿ ತಿರುಗಿಸಿ ಕೂಡಿಸುವ ವಿಧಾನವೂ ಇದೆ. ಮಾನವರಹಿತ ಜಲಾಂತರ್ಗಾಮಿಯಂಥ ಸಣ್ಣ ಯಂತ್ರಗಳಿಗೆ ಅದು ಅನುಕೂಲ, ಅವು ಒಂದೇ ಸ್ಪೀಕರ್ ಹೊತ್ತರೆ ಸಾಕು.

ನಮ್ಮ ದೇಶದಲ್ಲೂ ನೀರೊಳಗಿನ ಸದ್ದು ದಿನನಿತ್ಯ ಕೆಲಸ ಮಾಡುತ್ತಿದೆ. ಸುನಾಮಿ ಎಚ್ಚರಿಕೆ ವ್ಯವಸ್ಥೆಯಲ್ಲಿ ಸಮುದ್ರದ ತಳದಲ್ಲಿ ಕೂತ ಒತ್ತಡಮಾಪಕ ಮೇಲಿನ ತೇಲುಬುರುಡೆಗೆ ಮಾಹಿತಿ ಕಳಿಸುವುದು ಸದ್ದಿನ ಮೋಡೆಮ್ ಮೂಲಕವೇ. ಆ ಮಾಹಿತಿ ಕೊನೆಗೆ ಹೈದರಾಬಾದ್‌ನ ಇನ್‌ಕಾಯಿಸ್ ಕೇಂದ್ರ ಸೇರುತ್ತದೆ. ಸಾಗರ ತಂತ್ರಜ್ಞಾನಕ್ಕೆ ಚೆನ್ನೈನಲ್ಲಿ ಎನ್‌ಐಒಟಿ ಇದೆ. ಸೋನಾರ್ ಸಂಶೋಧನೆಗೆ ಕೊಚ್ಚಿಯಲ್ಲಿ ಡಿಆರ್‌ಡಿಒದ ಎನ್‌ಪಿಒಎಲ್ ಇದೆ. ನೌಕಾಪಡೆಗೆ ಸೋನಾರ್ ತಯಾರಿಸುವ ಬಿಇಎಲ್‌ನ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. ಸಿಗ್ನಲ್ ಪ್ರೊಸೆಸಿಂಗ್, ಪ್ರೋಗ್ರಾಮಿಂಗ್, ಅಲೆಗಳ ಫಿಸಿಕ್ಸ್ ಇಷ್ಟಪಟ್ಟು ಕಲಿತವರಿಗೆ ಇಲ್ಲಿ ಕೆಲಸವಿದೆ. ಎಲ್ಲರೂ ಓಡುವ ಕಡೆಗೇ ಓಡಬೇಕೆಂದಿಲ್ಲ.

ಮೊನ್ನೆ ಇನ್ನೊಂದು ಇಂಟರ್‌ವ್ಯೂ ಇತ್ತು. ಈ ಸಲ ಸಣ್ಣ ಕೋಣೆ, ಹೆಸರು ಸ್ಪಷ್ಟವಾಗಿ ಕೇಳಿಸಿತು. "ಪ್ರಾಜೆಕ್ಟ್‌ನಲ್ಲಿ ಎಲ್ಲಿ ಎಡವಿದ್ರಿ?" ಎಂದು ಕೇಳಿದರು. ಫೋನ್ ಬಾಲ ಕತ್ತರಿಸಿದ ಕಥೆ ಹೇಳಿದೆ. ಮೂವರಲ್ಲಿ ಒಬ್ಬರು ಪೆನ್ ಕೆಳಗಿಟ್ಟು ಕೇಳಿದರು. ಫಲಿತಾಂಶ ಇನ್ನೂ ಬಂದಿಲ್ಲ.

ಮನೆಗೆ ಬಂದು ಅಪ್ಪನಿಗೆ ಅದೇ ಉಮೇದಿನಲ್ಲಿ ಹೇಳಿದೆ: "ಆ ಎರಡನೇ ಗೆರೆ ನೆರಳಲ್ಲ ಅಪ್ಪ, ಎರಡು ಸಲ ನೆಲ ಮುಟ್ಟಿ ಬಂದ ಸದ್ದು. ನೆಲ ಗಟ್ಟಿಯಿದ್ದರೆ ಅದು ಜೋರಾಗಿ ಕಾಣಬೇಕು, ಕೆಸರಿದ್ದರೆ ಮಸುಕಾಗಬೇಕು." ಬಲೆಯ ಹರಿದ ಕಣ್ಣು ಹೊಲಿಯುತ್ತಿದ್ದ ಅಪ್ಪ ತಲೆ ಎತ್ತಲಿಲ್ಲ.

"ಅದು ಗೊತ್ತಿತ್ತು ಮಗಾ. ಆ ಗೆರೆ ಜೋರು ಕಂಡಲ್ಲಿ ನಾನು ಬಲೆ ಬಿಡೂದಿಲ್ಲ. ಕೆಳಗೆ ಕಲ್ಲಿರ್ತದೆ."